ಎಂಟು ಟನ್ನಿನ ರೋಲರೂ ಒಂದು ಲೋಟ ನೀರೂ

ಮೈಸೂರಿನ ರಸ್ತೆಯಲ್ಲಿ ನೀವು ಎಂದಾದರೂ ಎಡವದೆ ನಡೆದಿದ್ದರೆ ಅದಕ್ಕೆ ನಮ್ಮ ಮಾವನವರೇ ಕಾರಣ. ಎಡವಿ ಬಿದ್ದಿದ್ದರೆ? ಅದು ಖಂಡಿತ ಬೇರೆ ಯಾರೋ ರೋಲರ್ ಓಡಿಸಿದ ರಸ್ತೆ! ಹೀಗೆಂದು ನಾನು ಹೇಳುತ್ತಿಲ್ಲ. ಸ್ವತಃ ಮಾವನವರೇ ಹೇಳುತ್ತಿದ್ದರು, ಅದೂ ಬೀದಿಯ ಆ ತುದಿಗೆ ಕೇಳುವ ಹಾಗೆ. ಮೆಲ್ಲಗೆ ಮಾತಾಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. "ಬಾರವ್ವ, ಒಂದು ಗುಟ್ಟು ಯೋಳ್ತೀನಿ" ಎಂದು ಅವರು ನನ್ನನ್ನು ಕರೆದರೆ ಅಕ್ಕಪಕ್ಕದ ಮೂರು ಮನೆಯವರು ಒಲೆಯ ಉರಿ ತಗ್ಗಿಸಿ ಕಿಟಕಿಗೆ ಬರುತ್ತಿದ್ದರು.

ಊರಿನ ಅರ್ಧ ರಸ್ತೆಗೆ ಇಸ್ತ್ರಿ ಹಾಕಿದ ಈ ಮಹಾನುಭಾವರ ಅಂಗಿಗೆ ಮಾತ್ರ ಜನ್ಮದಲ್ಲಿ ಇಸ್ತ್ರಿ ಬಿದ್ದಿರಲಿಲ್ಲ. ಕಾಲಿಗೆ ಚಪ್ಪಲಿಯೂ ಇಲ್ಲ. ಸುಡುವ ಕಬ್ಬಿಣದ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು ಎಂಟು ಟನ್ನಿನ ರೋಲರ್ ಓಡಿಸುವುದೆಂದರೆ ಹುಡುಗಾಟವೇ? ಯಾಕೆ ಮಾವಯ್ಯ ಹೀಗೆ ಎಂದು ಕೇಳಿದರೆ, "ಎಂಜಿನ್ನು ದೇವ್ರು ಕಣವ್ವ. ಗುಡೀಗೆ ಜೋಡು ಹಾಕ್ಕಂಡು ಓಗೀಯಾ?" ಎನ್ನುತ್ತಿದ್ದರು. ನಾನು ಕೈ ಮುಗಿದುಬಿಡುತ್ತಿದ್ದೆ.

ನಾನು ಬನ್ನಿಮಂಟಪದ ಆ ಮನೆಗೆ ಸೊಸೆಯಾಗಿ ಬಂದದ್ದು ಸ್ವಾತಂತ್ರ್ಯ ಬಂದು ಒಂದು ಹತ್ತು ಹನ್ನೆರಡು ವರ್ಷವಾದ ಮೇಲೆ. ಮದುವೆಗೆ ಆರು ತಿಂಗಳು ಮುಂಚೆ ನನ್ನ ಅವ್ವ ತೀರಿಕೊಂಡಿದ್ದಳು. ಹೊಸದರಲ್ಲಿ ನನಗೆ ಅಳುವುದೇ ಕೆಲಸ. ಆ ವಿಷಯ ಈಗ ಬಿಡಿ, ರೋಲರಿಗೆ ಬರೋಣ.

ರೋಲರು ನಮ್ಮದಲ್ಲ, ಲಕ್ಷ್ಮೀಪುರದಲ್ಲಿದ್ದ ಒಬ್ಬ ಕಂಟ್ರಾಕ್ಟರದು. ಆದರೆ ಅದು ರಾತ್ರಿ ತಂಗುತ್ತಿದ್ದದ್ದು ನಮ್ಮ ಮನೆಯೆದುರಿನ ಬಯಲಿನಲ್ಲಿ. ಒಂದೇ ಸಿಲಿಂಡರಿನ ಹಳೇ ಡೀಸೆಲ್ ಎಂಜಿನ್ನು. ಬೆಳಿಗ್ಗೆ ಇಬ್ಬರು ಹ್ಯಾಂಡಲ್ ಹಾಕಿ ತಿರುಗಿಸಿ, ಬೆವರಿ, ಬಯ್ದು, ಮತ್ತೆ ತಿರುಗಿಸಿದರೆ, ಅದಕ್ಕೆ ಮನಸ್ಸು ಬಂದರೆ ಶುರುವಾಗುತ್ತಿತ್ತು. ಶುರುವಾಯಿತೋ, ಡಬ್! ಡಬ್! ಡಬ್! ಅಟ್ಟದ ಮೇಲಿನ ಪಾತ್ರೆಗಳು ಕೋಲಾಟಕ್ಕೆ ನಿಲ್ಲುತ್ತಿದ್ದವು. ಹಾಲಿನವನ ಎಮ್ಮೆ ಆ ಸದ್ದು ಕೇಳದಿದ್ದರೆ ಸೊರೆ ಬಿಡುತ್ತಿರಲಿಲ್ಲವಂತೆ!

ಆ ಎಂಜಿನ್ನಿನ ನೆತ್ತಿಯಲ್ಲಿ ಒಂದು ನೀರಿನ ತೊಟ್ಟಿ ಇತ್ತು. ಎಂಜಿನ್ನು ಕಾದು ಕೆಡದಿರಲಿ ಎಂದು ತುಂಬಿದ ನೀರು ಬೆಳಿಗ್ಗೆ ಹತ್ತು ಗಂಟೆಯೊಳಗೆ ತಾನೇ ಕುದಿಯುತ್ತಿತ್ತು. ಕುದಿಯುವ ನೀರನ್ನು ಸುಮ್ಮನೆ ಬಿಟ್ಟಾರೆಯೇ ನಮ್ಮ ಮಾವ? ಗೆಣಸನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗೆ ಇಳಿಬಿಡುತ್ತಿದ್ದರು. ಊಟದ ಹೊತ್ತಿಗೆ ಹದವಾಗಿ ಬೆಂದಿರುತ್ತಿತ್ತು. ಒಮ್ಮೆ ನನಗೂ ತಂದುಕೊಟ್ಟರು.

"ಮಾವಯ್ಯ, ಇದು ಡೀಸೆಲ್ ವಾಸನೆ ಹೊಡೀತದೆ!"

"ವಾಸನೆ ಅಲ್ಲ ಕಣವ್ವ, ಅದು ಒಗ್ಗರಣೆ!"

ಅವರ ಆಚಾರಗಳು ಒಂದೇ ಎರಡೇ? ರೋಲರ್ ನಿಲ್ಲಿಸಿ ಬೀಡಿ ಸೇದಲು ಇಳಿದರೂ ಸರಿ, ಮತ್ತೆ ಹತ್ತುವ ಮುಂಚೆ ಅದಕ್ಕೆ ಒಂದು ಪ್ರದಕ್ಷಿಣೆ ಹಾಕಲೇಬೇಕು. ದಿನಕ್ಕೆ ಎಷ್ಟು ಪ್ರದಕ್ಷಿಣೆಯೋ, ಚಾಮುಂಡವ್ವನಿಗೆ ಹಾಕಿದ್ದರೆ ಇಷ್ಟು ಹೊತ್ತಿಗೆ ಪ್ರತ್ಯಕ್ಷಳಾಗಿರುತ್ತಿದ್ದಳು. ಇನ್ನೊಂದು, ಹಗ್ಗ. ಎಡ ಮೊಣಕೈಗೆ ಒಂದು ಹಗ್ಗ ಕಟ್ಟಿಕೊಂಡು, ಅದರ ಇನ್ನೊಂದು ತುದಿಯನ್ನು ರೋಲರಿನ ಹಿಂದೆ ಕೆಂಪು ಬಾವುಟ ಹಿಡಿದು ನಡೆಯುವ ಆಳಿಗೆ ಕೊಡುತ್ತಿದ್ದರು. ಯಾರಾದರೂ ಅಡ್ಡ ಬಂದರೆ ಆತ ಹಗ್ಗ ಜಗ್ಗಬೇಕು, ಇವರು ನಿಲ್ಲಿಸಬೇಕು. ಆ ಡಬ್ ಡಬ್ ಸದ್ದಿನಲ್ಲಿ ಕೂಗಿದರೆ ಯಾವ ಮಗನಿಗೆ ಕೇಳಿಸೀತು? ಹಾಗಾಗಿ ಇದು ಎಲ್ಲರಿಗೂ ಒಪ್ಪಿಗೆಯಾಗಿತ್ತು. ನೋಡುವವರಿಗೆ ಮಾತ್ರ ಆ ಆಳು ರೋಲರಿಗೆ ಹಗ್ಗ ಹಾಕಿ ಸಂತೆಗೆ ಹೊಡೆದುಕೊಂಡು ಹೊರಟ ಹಾಗೆ ಕಾಣುತ್ತಿತ್ತು.

ಮನೆಯಲ್ಲೂ ಒಂದು ಕಾನೂನಿತ್ತು. ಅವರ ಬೆನ್ನ ಹಿಂದೆ ನಿಂತು ಯಾರೂ ಮಾತಾಡಕೂಡದು! "ಏನಿದ್ರೂ ಎದುರಿಗೆ ಬಂದು ಮಕ ನೋಡಿ ಮಾತಾಡಿ. ಬೆನ್ನಿಂದೆ ಮಾತಾಡೋರು ಚಾಡಿಕೋರರು" ಎಂದು ಗುಡುಗುತ್ತಿದ್ದರು. ಎಂಥ ಧರ್ಮಾತ್ಮರು ಎಂದುಕೊಂಡಿದ್ದೆ ನಾನು. ಅತ್ತೆಯವರಂತೂ ಏನು ಹೇಳುವುದಿದ್ದರೂ ಮೊದಲು ಅವರ ಹೆಗಲ ಮೇಲಿನ ಟವಲ್ಲನ್ನು ಒಂದು ಸಲ ಜಗ್ಗುತ್ತಿದ್ದರು. ಐವತ್ತರ ಹತ್ತಿರ ಬಂದರೂ ಎಷ್ಟು ಸಲಿಗೆ, ಎಷ್ಟು ಪ್ರೀತಿ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಈಗ ನನ್ನ ಹಾಡಿನ ವಿಷಯ. ಹೇಳುವುದಕ್ಕೇ ನಾಚಿಕೆ. ನನಗೆ ಸ್ಕೂಲಿನಲ್ಲಿ ಕಲಿತ ನಾಲ್ಕು ದೇವರನಾಮ ಬರುತ್ತಿತ್ತು. ಬರುತ್ತಿತ್ತು ಎಂದರೆ ಸಾಹಿತ್ಯ ಬರುತ್ತಿತ್ತು, ಶ್ರುತಿ ತಾಳಗಳು ತಮ್ಮ ತಮ್ಮ ಮನೆಯಲ್ಲೇ ಇರುತ್ತಿದ್ದವು. ಮದುವೆಯಾಗಿ ಹದಿನೈದು ದಿನವಾಗಿರಬಹುದು, ಸಂಜೆ ದೀಪ ಹಚ್ಚಿ ಮೆಲ್ಲಗೆ ಒಂದು ಹಾಡು ಹೇಳಿಕೊಳ್ಳುತ್ತಿದ್ದೆ. ಮಾವನವರು ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಕಣ್ಣು ಮಿಟುಕಿಸದೆ ಕೇಳಿದರು. ಮುಗಿದ ಮೇಲೆ, "ಬೋ ಸಂದಾಗದೆ ಕಣ್ಮಗ. ಇನ್ನೊಂದು ಯೋಳು" ಎಂದರು.

ಅಂದಿನಿಂದ ದಿನಾ ಇದೇ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು, ನನ್ನ ಯಜಮಾನರಿಗೆ ಸರಿಯಾಗಿ ಅದೇ ಹೊತ್ತಿಗೆ ಪೇಟೆಯಲ್ಲಿ ಕೆಲಸ ಹುಟ್ಟಿಕೊಂಡಿತು. ಮಾವನವರು ಮಾತ್ರ ಅಲುಗಾಡಲಿಲ್ಲ. ಒಂದು ಸಲ ನನ್ನ ಯಜಮಾನರು, "ಅಪ್ಪಾ, ಆ ಹಾಡನ್ನ ಹೆಂಗೆ ತಡ್ಕೋತೀಯ?" ಎಂದು ಅವರ ಮುಖದೆದುರೇ ಕೇಳಿದರು. "ಮುಚ್ಚೋ ಬಾಯಿ! ನಿಂಗೇನ್ ಗೊತ್ತು ಸಂಗೀತ?" ಎಂದು ಬೈಸಿಕೊಂಡರು. ಭೂಮಿಯ ಮೇಲೆ ನನಗೊಬ್ಬ ರಸಿಕ ಸಿಕ್ಕಿದ್ದ! ನನಗೆ ಎಷ್ಟು ಹೆಮ್ಮೆ ಎಂದರೆ ಐದನೆಯ ಹಾಡನ್ನೂ ಕಲಿತುಬಿಟ್ಟೆ.

ಹೀಗೆ ಮೂರು ವರ್ಷ ಕಳೆಯಿತು. ಆ ವರ್ಷ ದಸರೆಗೆ ಒಂದು ತಿಂಗಳಿರುವಾಗ ಹಳೇ ಎಂಜಿನ್ನು ಕೊನೆಗೂ ಕೈ ಕೊಟ್ಟಿತು. ಬನ್ನಿಮಂಟಪದ ಕಡೆಯ ಒಂದು ರಸ್ತೆಯನ್ನು ಹಬ್ಬದೊಳಗೆ ಮುಗಿಸಿಕೊಡುತ್ತೇನೆಂದು ಕಂಟ್ರಾಕ್ಟರು ಮಾತು ಕೊಟ್ಟಿದ್ದರು. ರೋಲರನ್ನು ಮೇಟಗಳ್ಳಿ ದಾರಿಯಲ್ಲಿದ್ದ ಒಂದು ಷೆಡ್ಡಿಗೆ ಎಳೆಸಿ, ಹಳೇ ಎಂಜಿನ್ನು ತೆಗೆಸಿ, ಮೂರು ಸಿಲಿಂಡರಿನ ಹೊಸ ಡೀಸೆಲ್ ಎಂಜಿನ್ನು ಕೂರಿಸಿದರು. ಹ್ಯಾಂಡಲ್ ಇಲ್ಲ, ಬೆವರಿಲ್ಲ, ಬೈಗುಳವಿಲ್ಲ. ಸ್ಟಾರ್ಟರಿನ ಗುಂಡಿ ಒತ್ತಿದರೆ ಸಾಕು. ಕೆಳಗೆ ದಪ್ಪನೆಯ ರಬ್ಬರಿನ ದಿಂಡುಗಳು, ಮೈ ಕುಲುಕುವುದೂ ಇಲ್ಲ. ಸದ್ದೋ, ಹಳೆಯದರ ಮುಂದೆ ಮಗು ಮಲಗಿಸುವ ಜೋಗುಳ!

ಊರಿಗೆ ಊರೇ ಸಂತೋಷಪಟ್ಟಿತು, ಹಾಲಿನವನ ಎಮ್ಮೆಯನ್ನು ಬಿಟ್ಟು. ಕಂಟ್ರಾಕ್ಟರು ಹೊಸ ಅಳಿಯನನ್ನು ನೋಡುವ ಹಾಗೆ ಎಂಜಿನ್ನನ್ನು ಸುತ್ತಿ ಸುತ್ತಿ ನೋಡಿದರು. "ಇನ್ನು ಈ ಹಗ್ಗದ ನಾಟಕ ಬೇಡಯ್ಯಾ. ಕೂಗಿದರೆ ಕೇಳಿಸುತ್ತೆ. ಬಾವುಟದವನು ಜಲ್ಲಿ ಹರಡಲಿ" ಎಂದರು. ಮಾವನವರ ಮುಖ ಮಾತ್ರ ಸಾವಿನ ಮನೆಯಿಂದ ಬಂದವರ ಹಾಗಿತ್ತು. "ಗೆಣಸು ಎಲ್ಲಿ ಬೇಯ್ಸದು?" ಎಂದು ಒಂದೇ ಒಂದು ಮಾತು ಆಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೂರನೆಯ ದಿನ ಅನಾಹುತವಾಯಿತು. ಮಾವನವರು ಪ್ರದಕ್ಷಿಣೆ ಹಾಕಿ, ಹತ್ತಿ, ರೋಲರನ್ನು ಹಿಂದಕ್ಕೆ ಬಿಡುತ್ತಿದ್ದರು. ಅಷ್ಟರಲ್ಲಿ ಕಂಟ್ರಾಕ್ಟರು ಬಂದು ತಮ್ಮ ಸೈಕಲ್ಲನ್ನು ಎಡಗಡೆ ಜಲ್ಲಿ ರಾಶಿಗೆ ಒರಗಿಸಿದರು. ಮಾವನವರು ಬಲಗಡೆಗೆ ಕತ್ತು ತಿರುಗಿಸಿ ಓಡಿಸುತ್ತಿದ್ದಾರೆ. "ನಿಲ್ಸು! ಏಯ್, ನಿಲ್ಸಯ್ಯಾ!" ಎಂದು ಕಂಟ್ರಾಕ್ಟರು ಕೂಗಿದರು, ಆಳುಗಳು ಕೂಗಿದರು, ದಾರಿಹೋಕರು ಕೂಗಿದರು. ರೋಲರು ಆನೆಯ ಗಾಂಭೀರ್ಯದಿಂದ ಸೈಕಲ್ಲಿನ ಮೇಲೆ ಹೋಯಿತು. ದಾಟಿದ ಮೇಲೆ ನೋಡಿದರೆ ಸೈಕಲ್ಲು ರಸ್ತೆಗೆ ಬರೆದ ರಂಗೋಲಿ! ಬೆಲ್ಲು ಮಾತ್ರ ಹೇಗೋ ಉಳಿದುಕೊಂಡಿತ್ತು.

"ಕಿವುಡೇನಯ್ಯಾ ನೀನು?" ಎಂದು ಕಂಟ್ರಾಕ್ಟರು ಎದುರಿಗೆ ಬಂದು ಅರಚಿದರು.

ಮಾವನವರ ಮುಖ ಬಿಳಿಚಿಕೊಂಡಿತಂತೆ. ಆಮೇಲೆ ಎದೆ ಸೆಟೆಸಿ, "ಬೇಕೂಂತ್ಲೇ ಮಾಡ್ದೆ ಬುದ್ಧಿ. ನಂಗೆ ಈ ಹೊಸಾ ಎಂಜಿನ್ನು ಬ್ಯಾಡ" ಎಂದುಬಿಟ್ಟರು!

ಬೇಕೆಂತಲೇ! ನೀವೇ ಹೇಳಿ, ಯಾವನಾದರೂ ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುತ್ತಾನೆಯೇ? ಕಂಟ್ರಾಕ್ಟರು ಕೋಪದಿಂದ ನಡುಗುತ್ತಾ, "ಆಯುಧಪೂಜೆ ತನಕ ನೋಡ್ತೀನಿ. ಈ ಎಂಜಿನ್ನನ್ನ ನೆಟ್ಟಗೆ ಓಡಿಸಿದರೆ ಸರಿ. ಇಲ್ಲದಿದ್ದರೆ ಬೀಗದ ಕೈ ಕೊಟ್ಟು ಮನೆಗೆ ನಡಿ. ಬೇರೆ ಡ್ರೈವರ್ ಬರ್ತಾನೆ" ಎಂದು ಹೇಳಿ ಬೆಲ್ಲನ್ನು ಜೇಬಿಗೆ ಹಾಕಿಕೊಂಡು ನಡೆದೇ ಹೋದರು. ಆಯುಧಪೂಜೆಗೆ ಹತ್ತೇ ದಿನವಿತ್ತು.

ಮಾರನೆಯ ದಿನ ನಾನು ಬುತ್ತಿ ತೆಗೆದುಕೊಂಡು ಹೋದೆ. ಮುದ್ದೆ, ಉಪ್ಸಾರು, ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ. ಹೋಗುವ ಹೊತ್ತಿಗೆ ಎಂಜಿನ್ನು ಮೆಲ್ಲಗೆ ಓಡುತ್ತಿತ್ತು. ಮಾವನವರು ಅದನ್ನು ದಿಟ್ಟಿಸಿ ನೋಡಿದರು, ಹಲಗೆಯ ಮೇಲೆ ಪಾದ ಒತ್ತಿ ನೋಡಿದರು, ಆಮೇಲೆ ಸ್ಟಾರ್ಟರಿನ ಗುಂಡಿ ಒತ್ತಿಬಿಟ್ಟರು. ಓಡುತ್ತಿರುವ ಎಂಜಿನ್ನಿಗೆ ಮತ್ತೆ ಸ್ಟಾರ್ಟರ್ ಒತ್ತಿದರೆ ಏನಾಗುತ್ತದೆ ಗೊತ್ತೇ? ಹಲ್ಲಿಗೆ ಹಲ್ಲು ಮಸೆದು ಕರ್‌ರ್‌ರ್‌ರ್ ಎಂದು ಎಂಥ ಸದ್ದು ಬಂತೆಂದರೆ ಆಳುಗಳು ಜಲ್ಲಿ ಹೊರುವ ಮಂಕರಿ ಎಸೆದು ಕಿವಿ ಮುಚ್ಚಿಕೊಂಡರು. "ನೋಡ್ರಪ್ಪಾ, ಮುದುಕಪ್ಪ ಬೇಕೂಂತ್ಲೇ ಎಂಜಿನ್ ಕೆಡುಸ್ತಾವ್ನೆ" ಎಂದು ಒಬ್ಬ ಹೇಳಿದ.

ನಾನು ಮಾವನವರ ಮುಖ ನೋಡಿದೆ. ಅಲ್ಲಿ ಕೋಪವಿಲ್ಲ, ಹಟವಿಲ್ಲ. ಅವರ ರೆಪ್ಪೆ ಕೂಡ ಅಲುಗಲಿಲ್ಲ. ಗುಂಡಿ ಒತ್ತಿಕೊಂಡೇ ನಿಂತಿದ್ದರು, ಎಂಜಿನ್ನು ಯಾವಾಗ ಶುರುವಾದೀತು ಎಂದು ಕಾಯುತ್ತಾ.

ಅಂದು ಸಂಜೆ ಅವರು ಜಗಲಿಯ ಮೇಲೆ ಕೂತಿರುವಾಗ ಹಿಂದಿನಿಂದ ಹೋಗಿ ದೊಡ್ಡ ಹಿತ್ತಾಳೆ ತಟ್ಟೆಯನ್ನು ಕಲ್ಲಿನ ಮೇಲೆ ಬೀಳಿಸಿದೆ. ಠಣಾರ್! ಬೀದಿಯ ನಾಯಿ ಎದ್ದು ಓಡಿತು. ಮಾವನವರು ಆರಾಮವಾಗಿ ಕಾಲು ಅಲ್ಲಾಡಿಸುತ್ತಾ ಕೂತಿದ್ದರು.

ಅತ್ತೆ ಒಳಗಿನಿಂದ ಓಡಿ ಬಂದರು. ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಗೊತ್ತಾಯ್ತೇನವ್ವ ನಿಂಗೂ?" ಎಂದರು. ನಾನು ತಲೆಯಾಡಿಸಿದೆ.

"ಏಳು ವರ್ಸ ಆಯ್ತು. ಆ ಡಬ್ ಡಬ್ಬೇ ಕಿವಿ ತಿಂದ್ಬುಡ್ತು. ಮಕ ಕಾಣೋ ಅಂಗೆ ಮಾತಾಡುದ್ರೆ ತುಟಿ ನೋಡಿ ತಿಳ್ಕತಾರೆ. ಯಾರ್ಗೂ ಯೋಳ್ಬ್ಯಾಡ ಕಣವ್ವ, ರೋಲರ್ ಕಿತ್ಕತಾರೆ. ರೋಲರ್ ಓದ್ರೆ ಈವಯ್ಯ ಉಳಿಯಕ್ಕಿಲ್ಲ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಹಾಗಾದರೆ ಜಗ್ಗುತ್ತಿದ್ದ ಟವಲ್ಲು? ಬೆನ್ನ ಹಿಂದಿನ ಚಾಡಿಕೋರರು? ಮೊಣಕೈಯ ಹಗ್ಗ? ಹಿಂದೆ ಮಗು ಮರಿ ಕೂತಿದೆಯೇ ಎಂದು ನೋಡಲು ಹಾಕುತ್ತಿದ್ದ ಆ ಪ್ರದಕ್ಷಿಣೆಗಳು? ಎಂಜಿನ್ನಿನ ಒಂದೊಂದು ಡಬ್ಬನ್ನೂ ಅವರು ಆ ಬರಿಗಾಲಿನಲ್ಲೇ ಕೇಳುತ್ತಿದ್ದರು. ಹಳೇ ಎಂಜಿನ್ನಿನ ಹತ್ತಿರ ಎಲ್ಲರೂ ಕಿವುಡರೇ, ಅವರೊಬ್ಬರೇ ಅಲ್ಲ. ಈ ಮೆಲುದನಿಯ ಹೊಸ ಎಂಜಿನ್ನು ಬಂದು ಅವರನ್ನು ಒಂಟಿಯಾಗಿ ನಿಲ್ಲಿಸಿಬಿಟ್ಟಿತ್ತು. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಹಟಮಾರಿ ಎನ್ನಿಸಿಕೊಳ್ಳುವುದೇ ಮೇಲು ಎಂದುಕೊಂಡಿದ್ದರು, ಪಾಪ. ಮೂರು ವರ್ಷದಿಂದ ನಗುತ್ತಿದ್ದ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಾರನೆಯ ದಿನ ಬುತ್ತಿ ಬಿಚ್ಚುವಾಗ ಇಡಲು ಬೇರೆ ಜಾಗ ಕಾಣದೆ ಮಜ್ಜಿಗೆಯ ಲೋಟವನ್ನು ಎಂಜಿನ್ನಿನ ಮುಚ್ಚಳದ ಮೇಲೆ ಇಟ್ಟೆ. ಎಂಜಿನ್ನು ಓಡುತ್ತಿತ್ತು. ಮಾವನವರು ಮುದ್ದೆ ಮುರಿದ ಕೈಯನ್ನು ಹಾಗೇ ನಿಲ್ಲಿಸಿ ಲೋಟ ನೋಡತೊಡಗಿದರು. ಮಜ್ಜಿಗೆಯ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಎದ್ದು ಹೋಗಿ ಎಂಜಿನ್ನಿನ ವೇಗ ಹೆಚ್ಚಿಸಿದರು. ಬಳೆಗಳು ಹೋಗಿ ಮಜ್ಜಿಗೆ ಪೂರ್ತಿ ನಡುಗಿತು. ನಿಲ್ಲಿಸಿದರು. ಮಜ್ಜಿಗೆ ನಿಂತಿತು.

"ಮಾತಾಡ್ತಾ ಅದೆ ಕಣ್ಮಗ!" ಎಂದರು. ಹೊಸ ಎಂಜಿನ್ನು ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಮಜ್ಜಿಗೆಯ ಬದಲು ನೀರು ಬಂತು. ನಾನು ದಿನಾ ಸೊಪ್ಪು ಬಿಡಿಸುವ ನೆಪದಲ್ಲಿ ಜಲ್ಲಿ ರಾಶಿಯ ಮೇಲೆ, ಅವರ ಎದುರಿಗೇ ಕೂರುತ್ತಿದ್ದೆ. ಎಂಜಿನ್ನು ಏದುಸಿರು ಬಿಟ್ಟರೆ ಕೈ ಎತ್ತುವುದು, ಅವರು ಲೋಟ ನೋಡಿ ಗುರುತಿಟ್ಟುಕೊಳ್ಳುವುದು. ನಾಲ್ಕು ದಿನದಲ್ಲಿ ನನ್ನ ಕೈ ಬೇಕಾಗಲಿಲ್ಲ. ಐದನೆಯ ದಿನ, "ಮೂರ್ನೇ ಸಿಲಿಂಡರ್ರು ಸ್ವಲ್ಪ ಸೋಮಾರಿ" ಎಂದರು. ಷೆಡ್ಡಿನ ಮೆಕ್ಯಾನಿಕ್ಕು ಬಂದು ಬಿಚ್ಚಿ ನೋಡಿ, ಹೌದಲ್ಲ ಎಂದು ಬಾಯ ಮೇಲೆ ಬೆರಳಿಟ್ಟುಕೊಂಡ. ರಸ್ತೆ ಹಾಸಿಗೆಯ ಹಾಗೆ ಮಲಗಿತು. ನಾನು, ಅತ್ತೆ ಗೆದ್ದೆವು ಎಂದುಕೊಂಡೆವು.

ಆಯುಧಪೂಜೆ ಬಂತು. ರೋಲರಿಗೆ ಸ್ನಾನ, ವಿಭೂತಿ ಪಟ್ಟೆ, ಬಾಳೆಕಂಬ, ಚೆಂಡುಹೂವಿನ ಹಾರ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಕಂಟ್ರಾಕ್ಟರು ಹೊಸ ಸೈಕಲ್ಲಿನಲ್ಲಿ ಬಂದು, ಅದನ್ನು ಬುದ್ಧಿವಂತಿಕೆಯಿಂದ ಬೀದಿಯ ಆಚೆ ತುದಿಯಲ್ಲೇ ನಿಲ್ಲಿಸಿ ಬಂದರು. ಹ್ಯಾಂಡಲಿಗೆ ಹಳೆಯ ಬೆಲ್ಲೇ ಇತ್ತು. "ಭೇಷ್ ಕಣಯ್ಯಾ! ರಸ್ತೆ ನೋಡಿದೆ. ಹತ್ತು, ನಿಂಬೆಹಣ್ಣು ಹಾಯಿಸು" ಎಂದರು.

ಮಾವನವರು ಹತ್ತಲಿಲ್ಲ. ಬೀಗದ ಕೈಯನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದರು.

"ನಂಗೆ ಕಿವಿ ಕೇಳಕ್ಕಿಲ್ಲ ಬುದ್ಧಿ. ಏಳು ವರ್ಸಾಯ್ತು."

ಅತ್ತೆ ಹಾ ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಗೆದ್ದ ಮೇಲೆ ಹೇಳುವುದೇ!

"ಎಂಜಿನ್ ವಿಸ್ಯ ಲೋಟ ಯೋಳ್ತದೆ. ಇಂದೆ ನಿಂತಿರೋ ಮನ್ಸನ್ ವಿಸ್ಯ ಲೋಟ ಯೋಳಕ್ಕಿಲ್ಲ. ಅವತ್ತು ಸೈಕಲ್ ಓಯ್ತು. ಅಲ್ಲಿ ಮಗ ನಿಂತಿದ್ರೆ? ಅವತ್ತಿಂದ ನಂಗೆ ಅನ್ನ ಸೇರ್ತಿಲ್ಲ."

ಕಂಟ್ರಾಕ್ಟರು ಅವರ ಎದುರಿಗೆ ಸರಿದು ನಿಂತು, "ಮೊದಲೇ ಹೇಳಬಾರದಿತ್ತೇನಯ್ಯಾ?" ಎಂದರು.

"ಯೋಳಿದ್ರೆ ರೋಲರ್ ಕೊಡ್ತಿದ್ರಾ ಬುದ್ಧಿ?"

ಕಂಟ್ರಾಕ್ಟರು ಬಾವುಟದ ಆಳನ್ನು ಕರೆದು ಹಗ್ಗ ಎಲ್ಲಿ ಎಂದು ಕೇಳಿದರು. ಹಗ್ಗ ಬಂತು. ಮಡಿ ಪಂಚೆಯನ್ನು ಮೇಲಕ್ಕೆ ಕಟ್ಟಿ, ತಾವೇ ಮಾವನವರ ಮೊಣಕೈಗೆ ಅದನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಇನ್ನೊಂದು ತುದಿಯನ್ನು ಆಳಿನ ಕೈಗೆ ಕೊಟ್ಟು, "ಇನ್ನು ಇದು ಬಿಟ್ಟು ನಿನಗೆ ಬೇರೆ ಕೆಲಸ ಇಲ್ಲ, ತಿಳೀತಾ?" ಎಂದರು. ಆಮೇಲೆ ಮಾವನವರ ಕಡೆ ತಿರುಗಿ, "ಇಷ್ಟು ವರ್ಷದಲ್ಲಿ ಒಂದು ಕೋಳಿಮರಿಯ ಮೇಲೂ ಹತ್ತಿಸಿದವನಲ್ಲ ನೀನು. ನನ್ನ ಸೈಕಲ್ಲು ಏನು ಪಾಪ ಮಾಡಿತ್ತೋ!" ಎಂದರು. ಮಾವನವರು ಬೀಗದ ಕೈ ಮತ್ತೆ ತೆಗೆದುಕೊಂಡು, ಪ್ರದಕ್ಷಿಣೆ ಹಾಕಿ, ಹತ್ತಿ, ಲೋಟ ನೋಡಿ ರೋಲರ್ ಬಿಟ್ಟರು. ನಿಂಬೆಹಣ್ಣು ಪಚ್ ಎಂದಿತು. ಅತ್ತೆ ಎಲ್ಲರೆದುರು ಗಳಗಳನೆ ಅತ್ತರು.

ಸಂಜೆ ದೀಪ ಹಚ್ಚಿದೆ. ಮಾವನವರು ಎಂದಿನಂತೆ ಬಂದು ಎದುರಿಗೆ ಕೂತು, "ಯೋಳವ್ವ" ಎಂದರು. ನನಗೆ ರೇಗಿಹೋಯಿತು.

"ಯಾಕ್ ಮಾವಯ್ಯ ಹಾಡ್ಲಿ? ಮೂರು ವರ್ಷ ತಲೆದೂಗಿದ್ರಲ್ಲ, ಒಂದಾದ್ರೂ ಕೇಳಿಸಿತ್ತಾ? ಐದನೇ ಹಾಡು ಬೇರೆ ಕಲಿತ್ನಲ್ಲ ನಾನು!"

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ ತಲೆ ತಗ್ಗಿಸಿ, ತಮ್ಮ ಜನ್ಮದಲ್ಲೇ ಮೊದಲ ಸಲ ಮೆಲ್ಲಗೆ ಮಾತಾಡಿದರು.

"ಕೇಳ್ತಿರ್ಲಿಲ್ಲ ಕಣ್ಮಗ. ನೀನು ಬಂದ ಒಸದ್ರಲ್ಲಿ ಅವ್ವನ್ನ ನೆನ್ಸ್ಕಂಡು ಅಗಲೆಲ್ಲ ಅಳ್ತಿದ್ದೆ. ಒಲೆ ಮುಂದೆ ಅಳ್ತಿದ್ದೆ, ಬಾವಿ ಕಟ್ಟೆ ತಾವ್ ಅಳ್ತಿದ್ದೆ. ಆಡೋವಾಗ ಮಾತ್ರ ಅಳ್ತಿರ್ಲಿಲ್ಲ. ಅದ್ಕೇ ಇನ್ನೊಂದು ಯೋಳು ಅಂತಿದ್ದೆ."

ಅವ್ವ ಹೋದಮೇಲೆ ನನ್ನ ಮುಖವನ್ನು ಅಷ್ಟು ನೋಡಿದವರು ಯಾರೂ ಇರಲಿಲ್ಲ, ಕಿವಿ ಚೆನ್ನಾಗಿದ್ದವರೂ ಕೂಡ. ಆ ಋಣವನ್ನು ನಾನು ಈ ಜನ್ಮದಲ್ಲಿ ತೀರಿಸಿಲ್ಲ, ತೀರಿಸಲಾರೆ.

ಕಣ್ಣೀರು ಬಂತು. ಅದನ್ನು ಕಂಡದ್ದೇ ಮಾವನವರಿಗೆ ಗಾಬರಿ. ಎದ್ದು ಹೊರಗೆ ಓಡಿದರು. ರೋಲರಿನ ಮೇಲಿದ್ದ ಹಿತ್ತಾಳೆ ಲೋಟವನ್ನು ನೀರು ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು, ನಾನು ಕೂತಿದ್ದ ಹಲಗೆಯ ಮೇಲೆ ನನ್ನ ಪಕ್ಕದಲ್ಲೇ ಇಟ್ಟರು. ಮತ್ತೆ ಎದುರಿಗೆ ಕೂತರು.

ನಾನು ಮೂಗೊರೆಸಿಕೊಂಡು, ಆ ಐದನೆಯ ಹಾಡನ್ನೇ ಎತ್ತಿಕೊಂಡೆ. ಪಕ್ಕದ ಮನೆಯ ಕಿಟಕಿ ದಡಾರನೆ ಮುಚ್ಚಿತು. ಮಾವನವರು ಬಗ್ಗಿ ಲೋಟದ ನೀರಿನಲ್ಲಿ ಏಳುತ್ತಿದ್ದ ಬಳೆಗಳನ್ನು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಲೋಟ ನೋಡಿದರು.

"ಓಡ್ತಾ ಅದೆ ಕಣ್ಮಗ," ಎಂದರು. "ನಿಲ್ಲುಸ್ಬ್ಯಾಡ, ಓಡ್ಲಿ ಬುಡು."